ಕ್ಷಮೆ ಮತ್ತು ಕ್ರೈಸ್ತ ಜೀವನ

ಕ್ಷಮೆಯನ್ನು ಕೊಂಡಾಡದ ಧರ್ಮ ನಮ್ಮ ದೇಶದಲ್ಲಿ ಇಲ್ಲ. ನಮ್ಮ ನಿಘಂಟುಗಳು ಭೂಮಿಗೇ ಕ್ಷಮೆ ಎಂಬ ಹೆಸರನ್ನು ಕೊಟ್ಟಿವೆ. ಜೈನರ ದಶಲಕ್ಷಣ ಪರ್ವದಲ್ಲಿ ಹತ್ತು ಧರ್ಮಗಳ ಪೈಕಿ ಮೊದಲ ಸ್ಥಾನ ಉತ್ತಮ ಕ್ಷಮೆಯದು. ಪರ್ವದ ಕೊನೆಯಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರು ಮತ್ತೊಬ್ಬರ ಕ್ಷಮೆ ಬೇಡುವ ಪದ್ಧತಿ ಇಂದಿಗೂ ನಡೆದುಬಂದಿದೆ. ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿ, ಗೆದ್ದ ಬಾಹುಬಲಿಯು ಸೋತ ಅಣ್ಣನಿಗೇ ರಾಜ್ಯವನ್ನು ಬಿಟ್ಟುಕೊಟ್ಟು ತಪಸ್ಸಿಗೆ ಹೊರಟ ಪ್ರಸಂಗವನ್ನು ಅರಿಯದ ಕನ್ನಡಿಗರಿಲ್ಲ. ಹೀಗಿರುವಾಗ ಕ್ರೈಸ್ತಧರ್ಮವು ಕ್ಷಮೆಯ ವಿಷಯದಲ್ಲಿ ವಿಶೇಷವಾಗಿ ಹೇಳುವುದೇನು ಎಂಬ ಪ್ರಶ್ನೆ ಸಹಜವಾದುದು. ನಮ್ಮ ಸಂಘದಲ್ಲಿ ಎಲ್ಲ ಮತದವರೂ ಇರುವುದರಿಂದ ಈ ಪ್ರಶ್ನೆಗೆ ಉತ್ತರ ಹೇಳುವುದು ಅಗತ್ಯವೂ ಹೌದು.

ವಿಶೇಷವೆಂದರೆ ಇದು: ಕ್ರೈಸ್ತರಲ್ಲಿ ಕ್ಷಮೆಯು ಮಹಾಪುರುಷರಿಗೆ ಮಾತ್ರ ಸಾಧ್ಯವಾದ ಹಿರಿಯ ಗುಣವೆಂದು ಎಣಿಸಲ್ಪಟ್ಟಿಲ್ಲ. ಅದು ದಿನನಿತ್ಯದ ಊಟದಷ್ಟು ಸಾಮಾನ್ಯವಾದ ಕರ್ತವ್ಯ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅಂದಂದಿನ ಆಹಾರವನ್ನು ಬೇಡಿದ ಕೂಡಲೇ ಕ್ಷಮೆಯನ್ನು ಬೇಡುವ ಮಾತು ಬರುತ್ತದೆ. ಆ ಪ್ರಾರ್ಥನೆಯ ಬೇಡಿಕೆಗಳಲ್ಲಿ ಇದೊಂದಕ್ಕೆ ಮಾತ್ರ ಬೇಡುವವನ ನಡತೆಯನ್ನು ಗಂಟುಹಾಕಲಾಗಿದೆ. ನಾನು ಪರರನ್ನು ಕ್ಷಮಿಸಿದ ಅಳತೆಯಲ್ಲಿಯೇ ನನ್ನನ್ನು ಕ್ಷಮಿಸು ಎಂದು ದೇವರನ್ನು ಕೇಳಿಕೊಳ್ಳುವುದು ಎಷ್ಟು ಭಯಂಕರವಾದ ಪ್ರಾರ್ಥನೆ ಎಂಬುದನ್ನು, ಬಾಲ್ಯದಿಂದ ಬಾಯಿಪಾಠವಾಗಿರುವ ಕಾರಣ, ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಪ್ರತಿ ಭಾನುವಾರ ಇದನ್ನು ಹೇಳುತ್ತಲೇ ಸ್ವಂತ ತಮ್ಮನೊಡನೆ ಹತ್ತಾರು ವರ್ಷ ಮಾತು ಬಿಟ್ಟಿರುವ ಸಭಾಸ್ಥರು ನಮ್ಮ ನಡುವೆ ಇದ್ದಾರೆ.

ಸಾಲದ ಲೆಕ್ಕ

ಮತ್ತಾಯನ ಸುವಾರ್ತೆಯಲ್ಲಿ ಪಾಪಕ್ಕೆ ಬಳಸಿರುವ ಗ್ರೀಕ್ ಶಬ್ದದ ಅರ್ಥ ಸಾಲ ಎಂದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಸಾಮತಿ ತಿಳಿಯಾಗುತ್ತದೆ. ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೆ ಎಂದು ಪೇತ್ರನು ಕೇಳಿದ. ಯೇಸು ಎಣಿಕೆಗೇ ಅವಕಾಶವಿಲ್ಲದಂತೆ ಉತ್ತರಿಸಿ, ಒಂದು ಕಥೆ ಹೇಳಿದ. ಒಬ್ಬ ಅರಸನಿಗೆ ಅವನ ಸೇವಕನು ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಅರಸನು ಕನಿಕರಪಟ್ಟು ಅಷ್ಟನ್ನೂ ಬಿಟ್ಟುಬಿಟ್ಟ. ಆ ಸೇವಕನು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಅವನನ್ನು ಸೆರೆಮನೆಗೆ ಹಾಕಿಸಿದ.

ಈ ಎರಡು ಮೊತ್ತಗಳನ್ನು ಲೆಕ್ಕಹಾಕಿ ನೋಡಬೇಕು. ದಿನಾರಿಯೆಂದರೆ ಆ ಕಾಲದಲ್ಲಿ ಕೂಲಿಯಾಳಿನ ಒಂದು ದಿನದ ಸಂಬಳ. ತಲಾಂತೆಂದರೆ ಸುಮಾರು 6,000 ದಿನಾರಿ. ಹಾಗಾದರೆ ಸೇವಕನ ಸಾಲ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಜೊತೆಗಾರನ ಸಾಲವಾದರೋ 100 ದಿನಗಳ ಕೂಲಿ. ಅದು ಪುಡಿಕಾಸೇನೂ ಅಲ್ಲ. ಮೂರು ತಿಂಗಳ ಸಂಬಳವನ್ನು ಕಳೆದುಕೊಂಡವನಿಗೆ ನೋವಾಗುವುದು ನ್ಯಾಯವೇ. ನಮಗೆ ಆದ ಅನ್ಯಾಯ ಅನ್ಯಾಯವೇ ಅಲ್ಲವೆಂದು ಸಾಮತಿ ಹೇಳುವುದಿಲ್ಲ. ನಾವು ಪಡೆದ ಬಿಡುಗಡೆಯ ಮುಂದೆ ಅದನ್ನಿಟ್ಟು ನೋಡಿರಿ ಎಂದಷ್ಟೇ ಅದು ಹೇಳುತ್ತದೆ. ಕ್ರೈಸ್ತನು ಕ್ಷಮಿಸುವುದು ತಾನು ದೊಡ್ಡವನೆಂಬ ಕಾರಣದಿಂದಲ್ಲ, ತಾನೂ ಬಿಡುಗಡೆ ಹೊಂದಿದ ಸಾಲಗಾರನೆಂಬ ಕಾರಣದಿಂದ. ಈ ದೃಷ್ಟಿಯಿಂದ ಕ್ಷಮೆಯೆಂಬುದು ಸಾಲಪತ್ರವನ್ನು ಹರಿದುಹಾಕುವ ಕ್ರಿಯೆ. ಆ ಬಳಿಕ ಮನಸ್ಸು ಬಡ್ಡಿಯನ್ನು ಎಣಿಸುತ್ತ ಕೂಡುವುದಿಲ್ಲ.

ಮರೆವು ಕ್ಷಮೆಯಲ್ಲ

ಪರಸ್ಥಳದಲ್ಲಿ ನೆಲಸಿದ ನಮ್ಮಂಥವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಅಪಾಯವುಂಟು. ಊರಿನಲ್ಲಿ ಇಬ್ಬರು ದಾಯಾದಿಗಳು ಜಗಳವಾಡಿದರೆ ಬಹುಕಾಲ ಮುಖ ತಿರುಗಿಸಿಕೊಂಡು ಇರಲಾಗದು. ಒಂದೇ ಬಾವಿ, ಒಂದೇ ಸಂತೆ, ಒಂದೇ ಸ್ಮಶಾನ. ಒಬ್ಬರ ಮನೆಯಲ್ಲಿ ಹೆಣ ಬಿದ್ದರೆ ಮತ್ತೊಬ್ಬರು ಹೆಗಲು ಕೊಡಲೇಬೇಕು. ಹಾಗೆ ನಿತ್ಯದ ಒಡನಾಟವೇ ಎಷ್ಟೋ ಜಗಳಗಳ ಮೊನೆಯನ್ನು ಮುರಿಯುತ್ತದೆ. ಪುಣೆಯಂತಹ ಮಹಾನಗರಕ್ಕೆ ಬಂದವನಿಗೆ ಇಂತಹ ಒತ್ತಾಯವಿಲ್ಲ. ಅವನು ಊರು ಬಿಟ್ಟ ದಿನದಂದು ಅಣ್ಣನು ಹೇಗಿದ್ದನೋ, ಏನು ಅಂದಿದ್ದನೋ, ಅದೇ ಚಿತ್ರ ಮೂವತ್ತು ವರ್ಷ ಕಳೆದರೂ ಮಾಸದೆ ಉಳಿದುಬಿಡುತ್ತದೆ. ಅಣ್ಣನಿಗೆ ತಲೆ ನರೆತದ್ದೂ ಸೊಂಟ ಬಾಗಿದ್ದೂ ಆ ಚಿತ್ರದಲ್ಲಿ ಇಲ್ಲ. ನಾವು ಅದನ್ನೆಲ್ಲ ಎಂದೋ ಮರೆತೆವು ಎಂದು ಹೇಳಿಕೊಳ್ಳುತ್ತೇವೆ. ಆಸ್ತಿಯ ಕಾಗದಕ್ಕೆ ರುಜು ಕೇಳಿ ಪತ್ರ ಬಂದ ದಿನ ಎಷ್ಟು ಮರೆತಿದ್ದೇವೆಂಬುದು ಗೊತ್ತಾಗುತ್ತದೆ.

ಹಳೆಯ ಒಡಂಬಡಿಕೆಯ ಯೋಸೇಫನ ಕಥೆಯನ್ನು ಪರದೇಶಿಯ ಕಥೆಯಾಗಿ ಓದಿದರೆ ಈ ಮಾತು ಮನದಟ್ಟಾಗುತ್ತದೆ. ಹದಿನೇಳು ವರ್ಷದ ಹುಡುಗನನ್ನು ಸ್ವಂತ ಅಣ್ಣಂದಿರೇ ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದರು. ಅವನು ಐಗುಪ್ತದಲ್ಲಿ ದಾಸನಾಗಿ, ಸೆರೆಯಾಳಾಗಿ, ಮೂವತ್ತನೆಯ ವಯಸ್ಸಿನಲ್ಲಿ ಫರೋಹನ ಪ್ರಧಾನನಾದ. ಮೊದಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟ. ತಂದೆಯ ಮನೆಯನ್ನೆಲ್ಲ ದೇವರು ತನಗೆ ಮರೆಸಿದನೆಂಬುದು ಅದರ ಭಾವ. ಆದರೆ ನಿಜವಾಗಿ ಮರೆತವನು ಮಗನ ಹೆಸರಿನಲ್ಲಿ ಅದನ್ನು ಬರೆದಿಡುವನೆ? ಕ್ಷಾಮ ಬಿದ್ದು ಅಣ್ಣಂದಿರು ಧಾನ್ಯಕ್ಕಾಗಿ ಬಂದು ಅಡ್ಡಬಿದ್ದಾಗ, ಇಪ್ಪತ್ತು ವರ್ಷಗಳ ಹಿಂದಿನ ಗಾಯ ಹಸಿಯಾಗಿಯೇ ಇತ್ತು. ಅವನು ಅವರನ್ನು ಗದರಿಸಿದ, ಪರೀಕ್ಷಿಸಿದ, ಒಳಕೋಣೆಗೆ ಹೋಗಿ ಅತ್ತ. ಕಡೆಗೆ ತಾನು ಯಾರೆಂದು ತಿಳಿಸಿ ಅಪ್ಪಿಕೊಂಡ. ಕ್ಷಮೆ ಹುಟ್ಟಿದ್ದು ಆ ದಿನ. ಅದುವರೆಗೆ ಇದ್ದದ್ದು ದೂರ ಮಾತ್ರ. ಹದಿನೇಳು ವರ್ಷಗಳ ಮೇಲೆ ತಂದೆ ಯಾಕೋಬನು ತೀರಿಕೊಂಡಾಗ, ಈಗ ಸೇಡು ತೀರಿಸಿಕೊಳ್ಳುವನೇನೋ ಎಂದು ಅಣ್ಣಂದಿರು ಮತ್ತೆ ನಡುಗಿದರು. ಯೋಸೇಫನು ಆಗಲೂ ಅತ್ತು, ಅವರ ಮಕ್ಕಳುಮರಿಗಳನ್ನೂ ಸಾಕುವೆನೆಂದು ಸಮಾಧಾನಪಡಿಸಿದ. ಕೊಟ್ಟ ಕ್ಷಮೆಯನ್ನು ಕಾಪಾಡಿಕೊಂಡು ಬರುವುದು ಅದನ್ನು ಕೊಡುವುದರಷ್ಟೇ ಕಷ್ಟದ ಕೆಲಸ.

ಪುಣೆಯ ಒಂದು ಸಾಕ್ಷಿ

ಪುರಾತನ ಕಾಲದ ದೃಷ್ಟಾಂತ ಸಾಲದೆನ್ನುವವರು ನಮ್ಮದೇ ನಗರದ ಇತಿಹಾಸವನ್ನು ನೋಡಬಹುದು. ಪುಣೆಯಿಂದ ಸೋಲಾಪುರ, ಕಲಬುರಗಿಗಳ ಕಡೆಗೆ ರೈಲಿನಲ್ಲಿ ಹೋಗುವವರು ದೌಂಡ್ ಜಂಕ್ಷನ್ ಬರುವ ಮೊದಲು ಕೇಡಗಾಂವ್ ಎಂಬ ನಿಲ್ದಾಣವನ್ನು ದಾಟುತ್ತಾರೆ. ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಸದನವಿರುವುದು ಅಲ್ಲಿಯೇ. ರಮಾಬಾಯಿಯವರು 1858ರ ಏಪ್ರಿಲ್ 23ರಂದು ಜನಿಸಿದ್ದು ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸಮಾಜದ ವಿರೋಧವನ್ನು ಎದುರಿಸಿ ಅಡವಿಯಲ್ಲಿ ಮನೆ ಮಾಡಿದವರು. 1874ರ ಸುಮಾರಿನ ಕ್ಷಾಮದಲ್ಲಿ ರಮಾಬಾಯಿ ತಂದೆಯನ್ನೂ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. 1882ರಲ್ಲಿ, ಮದುವೆಯಾದ ಎರಡೇ ವರ್ಷಕ್ಕೆ, ಪತಿಯೂ ತೀರಿಕೊಂಡರು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು.

ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ತಂದ ಶಾರದಾ ಸದನವು ಬಾಲವಿಧವೆಯರ ವಿದ್ಯಾಭ್ಯಾಸಕ್ಕಾಗಿ ಇದ್ದ ಸಂಸ್ಥೆ. ಅಲ್ಲಿ ಮತಾಂತರಕ್ಕೆ ಪ್ರೋತ್ಸಾಹವಿದೆಯೆಂಬ ಆರೋಪ ಎದ್ದು, ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಟೀಕಾಕಾರರ ಆತಂಕವನ್ನೆಲ್ಲ ಬರಿಯ ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಧರ್ಮದಲ್ಲಿ ತಾಟಸ್ಥ್ಯದ ಭರವಸೆಯಿದ್ದ ಸಂಸ್ಥೆಯಲ್ಲಿ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಹೋಗುತ್ತಿದ್ದುದು ತಂದೆತಾಯಿಗಳಿಗೆ ಕಳವಳ ತಂದದ್ದು ಸಹಜ. ಇತ್ತ ಅವರಿಗೆ ದೀಕ್ಷೆ ಕೊಟ್ಟ ಸಭೆಯವರಿಗೂ ಅವರ ಸ್ವತಂತ್ರ ವಿಚಾರಗಳು ಹಿಡಿಸಿರಲಿಲ್ಲ. 1977ರಲ್ಲಿ ಪ್ರಕಟವಾದ ಅವರ ಪತ್ರಸಂಗ್ರಹ ಆ ತಿಕ್ಕಾಟಕ್ಕೆ ಸಾಕ್ಷಿ. ಹೀಗೆ ಎರಡು ಕಡೆಯಿಂದಲೂ ನೊಂದ ಹೆಣ್ಣುಮಗಳಿಗೆ ಈ ಊರನ್ನೇ ಬಿಟ್ಟುಹೋಗಲು ಕಾರಣಗಳು ಬೇಕಾದಷ್ಟಿದ್ದುವು.

ಅವರು ಬಿಟ್ಟುಹೋಗಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ, ಹಸಿದು ದಿಕ್ಕುಗೆಟ್ಟಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಯಾವ ಸಮಾಜ ತಮ್ಮನ್ನು ನೂಕಿತೋ ಅದೇ ಸಮಾಜದ ಹೆಣ್ಣುಮಕ್ಕಳಿಗಾಗಿ ಕೇಡಗಾಂವಿನ ಬಯಲಿನಲ್ಲಿ ಬಾವಿ ತೋಡಿಸಿ, ತೋಟ ಮಾಡಿ, ನೇಯ್ಗೆ ಅಚ್ಚುಕೂಟಗಳನ್ನು ನಡೆಸಿದರು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಅವರ ಅಂತರಂಗವನ್ನು ನಾವು ಹೊಕ್ಕು ನೋಡಲಾರೆವು. ಆದರೆ ನೋವನ್ನು ಸೇಡಾಗಿ ತಿರುಗಿಸದೆ ಸೇವೆಯಾಗಿ ತಿರುಗಿಸಿದ ಕೈಗಳು ನಮ್ಮ ಕಣ್ಣ ಮುಂದಿವೆ. ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ರಮಾಬಾಯಿಯವರು ಮೌನಿಯಾಗಲಿಲ್ಲ. 1897ರ ಪ್ಲೇಗಿನ ಕಾಲದಲ್ಲಿ ಸರ್ಕಾರದ ಕ್ರಮಗಳಿಂದ ಹೆಂಗಸರಿಗಾಗುತ್ತಿದ್ದ ಅವಮಾನವನ್ನು ಪತ್ರಿಕೆಗೆ ಬರೆದು ನಿರ್ಭಯವಾಗಿ ಖಂಡಿಸಿದರು. ವಿಧವೆಯರನ್ನು ಪೀಡಿಸುವ ರೂಢಿಯನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಮನುಷ್ಯರ ಮೇಲೆ ಹಗೆಯಿಲ್ಲದೆ ಅನ್ಯಾಯದೊಡನೆ ಹೋರಾಡುವುದು ಸಾಧ್ಯವೆಂಬುದನ್ನು ಅವರ ಬಾಳಿನಿಂದ ಕಲಿಯಬಹುದು.

ಕ್ಷಮೆಯೂ ನ್ಯಾಯವೂ

ಕ್ಷಮಿಸಿದರೆ ಅಪರಾಧಿಗೆ ಶಿಕ್ಷೆಯಾಗಬಾರದೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಕಾಲದ ಎರಡು ಘಟನೆಗಳು ಇದಕ್ಕೆ ಉತ್ತರ ಕೊಡುತ್ತವೆ. ಒರಿಸ್ಸಾದ ಮನೋಹರಪುರದಲ್ಲಿ 1999ರ ಜನವರಿ 22ರ ರಾತ್ರಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ವಾಹನದಲ್ಲಿ ಮಲಗಿದ್ದಂತೆಯೇ ಸುಟ್ಟುಹಾಕಲಾಯಿತು. ಪತ್ನಿ ಗ್ಲಾಡಿಸ್ ಸ್ಟೇನ್ಸರು ಕೊಂದವರನ್ನು ತಾವು ಕ್ಷಮಿಸಿರುವುದಾಗಿ ಬಹಿರಂಗವಾಗಿ ತಿಳಿಸಿ, ಉಳಿದ ಒಬ್ಬಳೇ ಮಗಳೊಡನೆ ವರ್ಷಗಟ್ಟಲೆ ಬಾರಿಪದದಲ್ಲಿದ್ದು ಅದೇ ಸೇವೆಯನ್ನು ಮುಂದುವರಿಸಿದರು. ಅವರ ಕ್ಷಮೆಯಿಂದ ಕಾನೂನು ಕೈಕಟ್ಟಿ ಕೂರಲಿಲ್ಲ. ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆ ವಿಧಿಸಲ್ಪಟ್ಟು, 2005ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ದಂಡಿಸುವುದು ರಾಜ್ಯದ ಕೆಲಸ, ಅದು ಮುಂದಿನವರ ರಕ್ಷಣೆಗಾಗಿ. ಹಗೆಯನ್ನು ಬಿಡುವುದು ನೊಂದವರ ಕೆಲಸ. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ಎರಡನೆಯದು ಮಧ್ಯಪ್ರದೇಶದಲ್ಲಿ ನಡೆದದ್ದು. ಬಡ ರೈತರ ಪರವಾಗಿ ದುಡಿಯುತ್ತಿದ್ದ ಕೇರಳದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮುಂದರ್ ಸಿಂಗ್ ಎಂಬವನು ಇರಿದು ಕೊಂದ. ಅವರ ಸ್ವಂತ ತಂಗಿ, ಸಿಸ್ಟರ್ ಸೆಲ್ಮಿ ಪೌಲ್, 2002ರಲ್ಲಿ ಸೆರೆಮನೆಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದರು. ಆತ ಪಶ್ಚಾತ್ತಾಪಪಟ್ಟು, 2006ರಲ್ಲಿ ಬಿಡುಗಡೆಯಾದ ಮೇಲೆ ಆ ಕುಟುಂಬಕ್ಕೆ ಮಗನಂತಾದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರಿಗೆ ಧನ್ಯರೆಂಬ ಪದವಿ ಸಂದಿತು. ಗ್ಲಾಡಿಸರ ಕ್ಷಮೆ ಎದುರಿನವರ ಪಶ್ಚಾತ್ತಾಪಕ್ಕೆ ಕಾಯದೆ ಸಂದದ್ದು; ಸೆಲ್ಮಿಯವರ ಕ್ಷಮೆ ಎದುರಿನವನ ಪಶ್ಚಾತ್ತಾಪವನ್ನು ಹುಟ್ಟಿಸಿ ಸಂಬಂಧವಾಗಿ ಬೆಳೆದದ್ದು. ಕ್ಷಮಿಸಲು ಒಬ್ಬರು ಸಾಕು, ರಾಜಿಯಾಗಲು ಇಬ್ಬರೂ ಬೇಕು ಎಂಬ ಭೇದವನ್ನು ನಾವು ತಿಳಿದಿರಬೇಕು.

ಈ ಭೇದವನ್ನು ಮರೆತು ನಮ್ಮ ಸಭೆಗಳಲ್ಲಿಯೂ ಕುಟುಂಬಗಳಲ್ಲಿಯೂ ಒಂದು ದೊಡ್ಡ ತಪ್ಪು ನಡೆದುಬಂದಿದೆ. ಗಂಡನಿಂದ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ, ಯೇಸು ಕ್ಷಮಿಸಲಿಲ್ಲವೆ, ನೀನೂ ಕ್ಷಮಿಸಿ ಹೋಗು ಎಂದು ಬುದ್ಧಿ ಹೇಳಿ ಕಳುಹಿಸುವುದುಂಟು. ಇದು ಕ್ಷಮೆಯ ಬೋಧೆಯಲ್ಲ. ಹಿರಿಯರು ತಮ್ಮ ಮರ್ಯಾದೆಯನ್ನು ಉಳಿಸಿಕೊಳ್ಳಲು ಸುವಾರ್ತೆಯನ್ನು ಬಳಸಿಕೊಳ್ಳುವ ರೀತಿ. ಆಕೆ ಮನಸ್ಸಿನ ಹಗೆಯನ್ನು ಬಿಡಬಹುದು. ಹೊಡೆಯುವ ಕೈಯ ಕೆಳಗೆ ಮತ್ತೆ ಹೋಗಿ ನಿಲ್ಲಬೇಕಾಗಿಲ್ಲ. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ ಆಕೆಗೆ ರಕ್ಷಣೆ ಕೊಡುತ್ತದೆ. ಅದನ್ನು ಪಡೆಯುವುದು ಪಾಪವಲ್ಲ. ನೊಂದು ಬಂದ ಹೆಂಗಸರಿಗೆ ರಮಾಬಾಯಿಯವರು ಬಾಗಿಲು ತೆರೆದರೇ ಹೊರತು ಬಂದ ದಾರಿಯನ್ನು ತೋರಿಸಲಿಲ್ಲ. ಕ್ಷಮೆಯನ್ನು ನೊಂದವರು ತಾವಾಗಿ ಕೊಡಬೇಕು. ಅದನ್ನು ಅವರಿಂದ ವಸೂಲು ಮಾಡುವ ಅಧಿಕಾರ ಯಾವ ಪಾದ್ರಿಗೂ ಯಾವ ಯಜಮಾನನಿಗೂ ಇಲ್ಲ.

ದೇಹಕ್ಕೂ ಹಿತ

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ಒಂದು ಮಾತು. ಹಗೆ ದೇಹವನ್ನು ಸವೆಸುತ್ತದೆಂಬ ಹಿರಿಯರ ನಂಬಿಕೆಗೆ ವಿಜ್ಞಾನದ ಆಧಾರವೂ ದೊರೆತಿದೆ. 2001ರಲ್ಲಿ ಅಮೆರಿಕದ ಷಾರ್ಲಟ್ ವಿಟ್‌ವ್ಲಿಯಟ್ ಮತ್ತು ಸಂಗಡಿಗರು, ತಮ್ಮನ್ನು ನೋಯಿಸಿದವರನ್ನು ಸೇಡಿನಿಂದ ನೆನೆಯುವಾಗಲೂ ಕ್ಷಮೆಯಿಂದ ನೆನೆಯುವಾಗಲೂ ಜನರ ದೇಹಸ್ಥಿತಿಯನ್ನು ಅಳೆದು ನೋಡಿದರು. ಸೇಡಿನ ನೆನಪಿನಲ್ಲಿ ಎದೆಬಡಿತವೂ ರಕ್ತದೊತ್ತಡವೂ ಹೆಚ್ಚು ಏರಿದುವು. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತಕ್ಕೊಳಗಾದ 12,461 ಜನರ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ತೀವ್ರ ಕೋಪ ಅಥವಾ ಮನಃಕ್ಷೋಭೆಯ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು ಅದು ತೋರಿಸಿತು. ಕ್ಷಮಿಸಿದವರು ರಕ್ತದೊತ್ತಡದ ಗುಳಿಗೆಯನ್ನು ಬಿಡಬಹುದೆಂದು ಇದರ ಅರ್ಥವಲ್ಲ. ಆರೋಗ್ಯಕ್ಕಾಗಿಯೇ ಕ್ಷಮಿಸುವುದು ಕ್ರೈಸ್ತನ ಗುರಿಯೂ ಅಲ್ಲ. ಆದರೂ ಮೂವತ್ತು ವರ್ಷ ಹಗೆಯನ್ನು ಸಾಕಿದವನು ಅದಕ್ಕೆ ಉಣಿಸಿದ್ದು ತನ್ನ ನೆತ್ತರನ್ನೇ ಎಂಬುದು ನೆನಪಿನಲ್ಲಿರಲಿ.

ಕೊನೆಯದಾಗಿ, ಕ್ಷಮೆಯನ್ನು ಆಚರಣೆಗೆ ತರುವ ಬಗೆ. ಸುವಾರ್ತೆ ಇದನ್ನು ಮನಸ್ಸಿನ ಭಾವನೆಗೆ ಬಿಡದೆ ಹೆಜ್ಜೆಗಳನ್ನೇ ಹೇಳಿದೆ. ತಪ್ಪುಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಿ ಏಕಾಂತದಲ್ಲಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಸಭೆಯ ಮುಂದಿಡುವುದು ಆಮೇಲಿನ ಮಾತು. ನಾವಾದರೋ ಮೊದಲು ಊರಿಗೆಲ್ಲ ಹೇಳಿ, ಯಾರೊಡನೆ ಜಗಳವೋ ಅವನೊಬ್ಬನಿಗೆ ಮಾತ್ರ ಹೇಳದೆ ಉಳಿಯುತ್ತೇವೆ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಮ್ಮ ಮೇಲೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕೆಂಬ ಅಪ್ಪಣೆಯೂ ಉಂಟು. ಗಮನಿಸಿರಿ, ನಮಗೆ ಅವನ ಮೇಲಿರುವ ದೂರಿನ ಮಾತು ಅಲ್ಲಿಲ್ಲ. ಅವನಿಗೆ ನಮ್ಮ ಮೇಲಿರುವ ದೂರಿನ ಮಾತಿದೆ.

ಮಂಗಳೂರಿನ ಕಡೆಯಿಂದಾಗಲಿ, ಧಾರವಾಡ ಬೆಳಗಾವಿಗಳಿಂದಾಗಲಿ, ಬೀದರ ಕಲಬುರಗಿಗಳಿಂದಾಗಲಿ ಬಂದು ಪುಣೆಯಲ್ಲಿ ಬದುಕು ಕಟ್ಟಿಕೊಂಡಿರುವ ನಾವು ಊರಿಗೆ ಹಣ ಕಳುಹಿಸುತ್ತೇವೆ, ಚರ್ಚಿನ ಹಬ್ಬಕ್ಕೂ ಗುಡಿಯ ಜಾತ್ರೆಗೂ ಕಾಣಿಕೆ ಕಳುಹಿಸುತ್ತೇವೆ. ಅದರೊಡನೆ ಮಾತು ಬಿಟ್ಟ ಒಬ್ಬ ಬಂಧುವಿಗೆ ಈ ವರ್ಷ ಒಂದು ಪತ್ರ ಹೋಗಲಿ. ಪತ್ರದಲ್ಲಿ ಹಳೆಯ ಲೆಕ್ಕವನ್ನು ಎತ್ತುವುದು ಬೇಡ, ಕ್ಷೇಮಸಮಾಚಾರ ಸಾಕು. ಉತ್ತರ ಬಾರದಿರಬಹುದು. ಬಾರದಿದ್ದರೂ ಬರೆದವನ ಸಾಲಪತ್ರ ಹರಿದಿರುತ್ತದೆ. ಊರಿನಿಂದ ತಂತಿ ಬರುತ್ತಿದ್ದ ಕಾಲ ಮುಗಿದಿದೆ. ಈಗ ಸಾವಿನ ಸುದ್ದಿ ಕ್ಷಣದಲ್ಲಿ ಬಂದು ಮುಟ್ಟುತ್ತದೆ. ಆ ಸುದ್ದಿಯ ನಂತರ ಬರೆಯುವ ಪತ್ರಕ್ಕೆ ವಿಳಾಸವಿರುವುದಿಲ್ಲ. ಆದಕಾರಣ ಬದುಕಿರುವಾಗಲೇ ಬರೆಯುವುದು ವಿವೇಕ. ಕ್ರೈಸ್ತನಿಗಂತೂ ಅದು ಕರ್ತವ್ಯ.